ಓಡುತ್ತಿರುವ ಕರ್ನಲ್‌ಗೇ ಹೊಂದುವ ಹೆಡರ್‌ಗಳು

ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ತಂತ್ರಾಂಶವಾಗಿ ನಡೆಸುವ ವರ್ಚುವಲ್‌ಬಾಕ್ಸ್‌ನ ಸ್ಥಾಪನೆ ಯಾವ ತಕರಾರೂ ಇಲ್ಲದೆ ಮುಗಿಯಿತು. ಮೆನುವಿನಲ್ಲಿ ಅದರ ಚಿಹ್ನೆ ಕಾಣಿಸಿಕೊಂಡಿತು, ಕಿಟಕಿ ತೆರೆಯಿತು, ಹೊಸ ವರ್ಚುವಲ್ ಯಂತ್ರಕ್ಕೆ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದೆಲ್ಲ ಕೇಳಿ ದಾಖಲಿಸಿಕೊಂಡಿತು. ಸ್ಟಾರ್ಟ್ ಒತ್ತಿದಾಗ ಮಾತ್ರ ಕರ್ನಲ್ ಡ್ರೈವರ್ ಸ್ಥಾಪನೆಯಾಗಿಲ್ಲ ಎಂಬ ಸಂದೇಶ ಬಂದಿತು, ಅದರ ಪಕ್ಕದಲ್ಲಿ -1908 ಎಂಬ ಸಂಖ್ಯೆ. ಕರ್ನಲ್ ಎಂದರೆ ಯಂತ್ರಾಂಶವನ್ನು ನೇರವಾಗಿ ನಡೆಸುವ, ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಕೆಳಗೆ ಪರಿಹಾರವನ್ನೂ ಅದೇ ಸೂಚಿಸಿತ್ತು: ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಾಗಿ ‘ವಿಬಾಕ್ಸ್‌ಕಾನ್ಫಿಗ್’ ಎಂಬ ಆಜ್ಞೆಯನ್ನು ಓಡಿಸಬೇಕು.

ಗಣಕದಲ್ಲಿ ಇದ್ದದ್ದು ಡೆಬಿಯನ್ 12 ಎಂಬ ಲಿನಕ್ಸ್ ವಿತರಣೆ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಒಂದು ಹಳೆಯ ತಂತ್ರಾಂಶ ನನಗೆ ಬೇಕಾಗಿತ್ತು. ಅದೊಂದಕ್ಕಾಗಿ ಇನ್ನೊಂದು ಗಣಕ ಇಟ್ಟುಕೊಳ್ಳುವುದಕ್ಕಿಂತ ಇರುವುದರ ಒಳಗೇ ವರ್ಚುವಲ್ ಯಂತ್ರವೊಂದನ್ನು ಕಟ್ಟುವುದು ಮೇಲು ಎಂದು ಈ ಕೆಲಸಕ್ಕೆ ಇಳಿದಿದ್ದೆ.

ವಿಬಾಕ್ಸ್‌ಕಾನ್ಫಿಗ್ ಕೊಟ್ಟ ಉತ್ತರದ ತಾತ್ಪರ್ಯ ಹೀಗಿತ್ತು: ಈ ಗಣಕ ಕರ್ನಲ್ ಮಾಡ್ಯೂಲ್‌ಗಳನ್ನು (ಕರ್ನಲ್‌ಗೆ ಸೇರಿಕೊಳ್ಳುವ ತುಣುಕುಗಳನ್ನು) ಕಟ್ಟಲು ಇನ್ನೂ ಸಿದ್ಧವಾಗಿಲ್ಲ, ಈಗಿನ ಕರ್ನಲ್‌ಗೆ ಹೊಂದುವ ಹೆಡರ್ ಕಡತಗಳನ್ನು (ಕರ್ನಲ್‌ನ ಒಳರಚನೆಯ ವಿವರವಿರುವ ಕಡತಗಳನ್ನು) ಸ್ಥಾಪಿಸಿ, ಅವು ಬಹುಶಃ ಈ ಪ್ಯಾಕೇಜ್‌ಗಳಲ್ಲಿವೆ. ಮುಂದೆ ಎರಡು ಹೆಸರುಗಳು. ಒಂದು ‘ಲಿನಕ್ಸ್-ಹೆಡರ್ಸ್-ಎಎಂಡಿ64’, ಇನ್ನೊಂದು ‘ಲಿನಕ್ಸ್-ಹೆಡರ್ಸ್-6.1.0-21-ಎಎಂಡಿ64’. ಮೊದಲನೆಯದನ್ನು ಆರಿಸಿಕೊಂಡೆ. ಅದರ ಬೆನ್ನಿಗೆ, ಮೂಲ ಸಂಕೇತವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸೇರಿದಂತೆ ಹಲವು ಪ್ಯಾಕೇಜ್‌ಗಳು ಇಳಿದವು. ಮತ್ತೆ ವಿಬಾಕ್ಸ್‌ಕಾನ್ಫಿಗ್ ಓಡಿಸಿದೆ. ಒಂದಕ್ಷರವೂ ಬದಲಾಗದೆ ಅದೇ ಉತ್ತರ ಬಂದಿತು.

ಹೆಡರ್ ಹಾಕಿ ಎನ್ನುತ್ತದೆ. ಹಾಕಿದರೆ, ಇಲ್ಲ ಎನ್ನುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಅಥವಾ ಅಂಥದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್ ಹಾಕಲು ಹೊರಟ ಎಷ್ಟೋ ಜನ ಕೈಬಿಡುವ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಸಂದೇಶದಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ‘ಈಗಿನ ಕರ್ನಲ್‌ಗೆ ಹೊಂದುವ’ ಎಂಬ ಮಾತಿನಲ್ಲಿ ‘ಈಗಿನ’ ಎಂಬುದರ ಮೇಲೆಯೇ ಇಡೀ ಭಾರವಿತ್ತು.

ಓಡುತ್ತಿರುವ ಕರ್ನಲ್‌ನ ಹೆಸರು ತಿಳಿಯಲು ಟರ್ಮಿನಲ್‌ನಲ್ಲಿ ‘ಯುನೇಮ್ -ಆರ್’ ಎಂದು ಕೊಟ್ಟು ನೋಡಿದೆ. 6.1.0-21-ಎಎಂಡಿ64 ಎಂದಿತು. ಬಳಿಕ ‘/ಯುಎಸ್‌ಆರ್/ಎಸ್‌ಆರ್‌ಸಿ’ ಒಳಗೆ ಇಣುಕಿದೆ. ಆಗಷ್ಟೇ ಬಂದಿಳಿದ ಹೆಡರ್‌ಗಳ ಕಡತಕೋಶದ ಹೆಸರಿನಲ್ಲಿ 21 ಇರಲಿಲ್ಲ, 22 ಇತ್ತು. ಕಾರಣ ಸರಳ. ಗಣಕವನ್ನು ರೀಬೂಟ್ ಮಾಡದೆ ಬಹಳ ಕಾಲವಾಗಿತ್ತು. ಆ ನಡುವೆ ಭದ್ರತಾ ನವೀಕರಣದೊಂದಿಗೆ ಹೊಸ ಕರ್ನಲ್ ಡಿಸ್ಕಿಗೆ ಬಂದು ಕುಳಿತಿತ್ತು. ಮೆಮೊರಿಯಲ್ಲಿ ಓಡುತ್ತಿದ್ದದ್ದು ಮಾತ್ರ ಹಳೆಯದೇ. ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಎಂಬುದು ಸ್ವತಃ ಹೆಡರ್‌ಗಳ ಪ್ಯಾಕೇಜ್ ಅಲ್ಲ. ಸದ್ಯ ಲಭ್ಯವಿರುವ ಹೊಸ ಹೆಡರ್‌ಗಳು ಎಲ್ಲಿವೆಯೋ ಅತ್ತ ಕೈ ತೋರಿಸುವ ಮೆಟಾಪ್ಯಾಕೇಜ್. ಅದು ತನ್ನ ಕರ್ತವ್ಯವನ್ನು ಮಾಡಿತ್ತು. ಮುಂದಿನ ಬೂಟ್‌ನಲ್ಲಿ ಬರಲಿರುವ ಕರ್ನಲ್‌ಗೆ ಬೇಕಾದುದನ್ನು ತಂದಿಟ್ಟಿತ್ತು. ನನಗೆ ಬೇಕಾಗಿದ್ದದ್ದು ಆ ಕ್ಷಣದಲ್ಲಿ ಓಡುತ್ತಿದ್ದ ಕರ್ನಲ್‌ನದು.

ಸಾಮಾನ್ಯ ತಂತ್ರಾಂಶಕ್ಕೆ ಇದಾವುದೂ ಬೇಡವಲ್ಲ, ಇದಕ್ಕೇಕೆ ಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಭಾಗಗಳಿವೆ. ನಾವು ನೋಡುವ ಕಿಟಕಿ, ಗುಂಡಿ, ಪಟ್ಟಿಗಳೆಲ್ಲ ಬೇರೆ ಯಾವುದೇ ಅಪ್ಲಿಕೇಶನ್‌ನಂತೆಯೇ ಓಡುತ್ತವೆ. ಆದರೆ ವರ್ಚುವಲ್ ಯಂತ್ರಗಳಿಗೆಂದೇ ಪ್ರೊಸೆಸರ್‌ನಲ್ಲಿರುವ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಸೌಲಭ್ಯವನ್ನು ಹಿಡಿದುಕೊಂಡು ಅತಿಥಿ ಯಂತ್ರವನ್ನು, ಅಂದರೆ ಒಳಗಿನ ವರ್ಚುವಲ್ ಗಣಕವನ್ನು, ನಡೆಸುವ ಅಧಿಕಾರ ಅಪ್ಲಿಕೇಶನ್‌ಗಳಿಗೆ ಇಲ್ಲ, ಅದು ಕರ್ನಲ್‌ನ ಒಳಗಿದ್ದವರಿಗೆ ಮಾತ್ರ. ಅದಕ್ಕಾಗಿ ‘ವಿಬಾಕ್ಸ್‌ಡಿಆರ್‌ವಿ’ ಎಂಬ ಮಾಡ್ಯೂಲ್ ಕರ್ನಲ್‌ನೊಳಗೆ ಹೋಗಿ ಕೂರುತ್ತದೆ. ಜಾಲದ ಕೆಲಸಕ್ಕೆ ‘ವಿಬಾಕ್ಸ್‌ನೆಟ್‌ಎಫ್‌ಎಲ್‌ಟಿ’, ‘ವಿಬಾಕ್ಸ್‌ನೆಟ್‌ಎಡಿಪಿ’ ಎಂಬ ಇನ್ನೆರಡು ಅದರ ಜೊತೆಗಿರುತ್ತವೆ. ವಿಎಂವೇರ್‌ನಲ್ಲಿ ಇದೇ ಕೆಲಸವನ್ನು ‘ವಿಎಂಮಾನ್’ ಮತ್ತು ‘ವಿಎಂನೆಟ್’ ಮಾಡುತ್ತವೆ.

ಲಿನಕ್ಸ್ ಕರ್ನಲ್ ಹೊರಗಿನ ಅಪ್ಲಿಕೇಶನ್‌ಗಳಿಗೆ ಕೊಟ್ಟ ಮಾತನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತದೆ. ಎಷ್ಟೋ ವರ್ಷಗಳ ಹಿಂದೆ ಕಂಪೈಲ್ ಮಾಡಿದ ಒಂದು ತಂತ್ರಾಂಶ ಇಂದಿನ ಕರ್ನಲ್ ಮೇಲೆಯೂ ಓಡುವುದು ಅದರಿಂದಲೇ. ಒಳಗಿನ ಮಾಡ್ಯೂಲ್‌ಗಳಿಗೆ ಮಾತ್ರ ಅಂಥ ಭರವಸೆ ಇಲ್ಲ. ಒಳಗಿನ ರಚನೆಗಳನ್ನು ಬೇಕೆಂದಾಗ ತಿದ್ದುವ ಸ್ವಾತಂತ್ರ್ಯವನ್ನು ಕರ್ನಲ್ ಕಟ್ಟುವವರು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡಿದ್ದಾರೆ. ಕಾರಣಗಳನ್ನು ವಿವರಿಸುವ ದಾಖಲೆಯೊಂದು ಕರ್ನಲ್‌ನ ಮೂಲ ಸಂಕೇತದ ಜೊತೆಗೇ ಬರುತ್ತದೆ. ಅಷ್ಟೇ ಅಲ್ಲ, ಆವೃತ್ತಿ ಒಂದೇ ಆಗಿದ್ದರೂ ಕರ್ನಲ್ ಕಟ್ಟುವಾಗ ಆರಿಸಿದ ಆಯ್ಕೆಗಳು ಬೇರೆಯಾದರೆ ಒಳಗಿನ ರಚನೆಗಳ ಉದ್ದಗಲವೇ ಬದಲಾಗಬಹುದು. ಒಂದು ಆಯ್ಕೆ ಇದ್ದರೆ ರಚನೆಯೊಳಗೆ ಒಂದು ಅಂಶ ಹೆಚ್ಚು, ಇಲ್ಲದಿದ್ದರೆ ಕಡಿಮೆ. ಅದರಾಚೆಯ ಅಂಶಗಳೆಲ್ಲ ಅಷ್ಟಷ್ಟು ಬೈಟ್ ಆಚೀಚೆ ಸರಿಯುತ್ತವೆ. ತಪ್ಪು ಲೆಕ್ಕ ಹಿಡಿದ ಮಾಡ್ಯೂಲ್ ಒಂದು ಸಂಖ್ಯೆಯನ್ನು ಬರೆಯಬೇಕಾದ ಜಾಗದಲ್ಲಿ ಬರೆಯದೆ ಪಕ್ಕದ ಪಾಯಿಂಟರ್ (ಮೆಮೊರಿಯ ವಿಳಾಸ) ಮೇಲೆ ಬರೆಯುತ್ತದೆ. ಅಪ್ಲಿಕೇಶನ್ ಹಾಗೆ ಮಾಡಿದರೆ ಅದೊಂದೇ ಬೀಳುತ್ತದೆ. ಕರ್ನಲ್‌ನೊಳಗೆ ಹಾಗಾದರೆ ಇಡೀ ಗಣಕ ಬೀಳುತ್ತದೆ, ಇಲ್ಲವೇ ಬೀಳದೆ ಡಿಸ್ಕಿನ ದತ್ತಾಂಶವನ್ನು ಕೆಡಿಸುತ್ತದೆ. ಎರಡನೆಯದೇ ಹೆಚ್ಚು ಭಯಂಕರ.

ಹೆಡರ್‌ಗಳೆಂದರೆ ದರ್ಜಿಯ ಬಳಿ ಇರುವ ಅಳತೆಯ ಚೀಟಿ ಇದ್ದಂತೆ. ಯಾವ ರಚನೆ ಎಷ್ಟು ಅಗಲ, ಯಾವ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್, ಯಾವ ಆಯ್ಕೆ ಇದೆ, ಯಾವುದು ಇಲ್ಲ ಎಂಬುದೆಲ್ಲ ಅದರಲ್ಲಿದೆ. ವಿತರಣೆಗಳು ನೂರಾರು, ಅವುಗಳ ಕರ್ನಲ್‌ಗಳು ಇನ್ನೂ ಹೆಚ್ಚು. ಪ್ರತಿಯೊಂದಕ್ಕೂ ಸಿದ್ಧ ಮಾಡ್ಯೂಲ್ ಕಳುಹಿಸುವುದು ತಯಾರಕರಿಗೆ ಆಗದ ಮಾತು. ಹಾಗಾಗಿ ಅವರು ಮೂಲ ಸಂಕೇತವನ್ನೇ ಕಳುಹಿಸುತ್ತಾರೆ, ನಮ್ಮ ಗಣಕ ತನ್ನ ಹೆಡರ್‌ಗಳನ್ನು ಹಿಡಿದು ತನಗೆ ಬೇಕಾದ ಮಾಡ್ಯೂಲನ್ನು ತಾನೇ ಕಂಪೈಲ್ ಮಾಡಿಕೊಳ್ಳುತ್ತದೆ.

ಹೊಂದಾಣಿಕೆಯ ಕಾವಲು ಎರಡು ಹಂತದಲ್ಲಿ ನಡೆಯುತ್ತದೆ. ಕಟ್ಟುವ ಹೊತ್ತಿಗೆ ‘/ಲಿಬ್/ಮಾಡ್ಯೂಲ್ಸ್/’ ಕೆಳಗೆ, ಓಡುತ್ತಿರುವ ಕರ್ನಲ್‌ನ ಹೆಸರಿನ ಕಡತಕೋಶದೊಳಗೆ ‘ಬಿಲ್ಡ್’ ಎಂಬ ಕೊಂಡಿಯನ್ನು ಹುಡುಕಲಾಗುತ್ತದೆ. ಆ ಕೊಂಡಿ ಹೆಡರ್‌ಗಳಿರುವ ಜಾಗಕ್ಕೆ ಒಯ್ಯಬೇಕು. ನನ್ನ ಗಣಕದಲ್ಲಿ 21ರ ಕೋಶದಲ್ಲಿ ಆ ಕೊಂಡಿ ಇರಲಿಲ್ಲ, 22ರ ಕೋಶದಲ್ಲಿ ಇತ್ತು. ವಿಬಾಕ್ಸ್‌ಕಾನ್ಫಿಗ್ ಇಲ್ಲ ಎಂದದ್ದು ಅದಕ್ಕೆ. ಎರಡನೆಯ ಕಾವಲು ಮಾಡ್ಯೂಲ್ ಒಳಗೆ ಹೋಗುವಾಗ. ಪ್ರತಿ ಮಾಡ್ಯೂಲಿನ ಮೇಲೂ ‘ವರ್‌ಮ್ಯಾಜಿಕ್’ ಎಂಬ ಒಂದು ಸಾಲು ಅಚ್ಚಾಗಿರುತ್ತದೆ: ಕರ್ನಲ್‌ನ ಪೂರ್ಣ ಹೆಸರು, ಎಸ್‌ಎಂಪಿ (ಹಲವು ಪ್ರೊಸೆಸರ್‌ಗಳ ಬೆಂಬಲ) ಇದೆಯೇ, ಪ್ರೀಎಂಪ್ಟ್ (ಕರ್ನಲ್‌ನ ಕೆಲಸವನ್ನು ನಡುವೆ ತಡೆಯುವ ಸೌಲಭ್ಯ) ಇದೆಯೇ ಎಂಬಂಥ ಮುಖ್ಯ ಆಯ್ಕೆಗಳು. ‘ಮಾಡ್‌ಇನ್‌ಫೋ’ ಆಜ್ಞೆಯಿಂದ ಅದನ್ನು ಯಾರು ಬೇಕಾದರೂ ಓದಬಹುದು. ಆ ಸಾಲು ಕರ್ನಲ್‌ನ ಸಾಲಿಗೆ ಹೊಂದದಿದ್ದರೆ ಮಾಡ್ಯೂಲ್ ಸ್ವರೂಪವೇ ಸರಿಯಿಲ್ಲ ಎಂದು ಕರ್ನಲ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ಆಜ್ಞೆ ಕೊಟ್ಟರೆ ಏನಿರಬೇಕಿತ್ತು, ಏನಿದೆ ಎಂದು ಎರಡನ್ನೂ ಒಟ್ಟಿಗೆ ತೋರಿಸುತ್ತದೆ.

ಈ ತಡೆಯನ್ನು ದಾಟಿಸಲು ಬಳಕೆಯಲ್ಲಿದ್ದ ಉಪಾಯಗಳ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಹಿಂದೆ ವಿಎಂವೇರ್‌ನ ಸ್ಥಾಪನಾ ಸ್ಕ್ರಿಪ್ಟ್ ನೇರವಾಗಿಯೇ ಕೇಳುತ್ತಿತ್ತು: ಓಡುತ್ತಿರುವ ಕರ್ನಲ್‌ಗೆ ಹೊಂದುವ ಸಿ ಹೆಡರ್ ಕಡತಗಳು ಯಾವ ಕೋಶದಲ್ಲಿವೆ? ಕೈಗೆ ಸಿಕ್ಕ ದಾರಿಯನ್ನು ಬರೆದರೆ, ಈ ಹೆಡರ್‌ಗಳ ಆವೃತ್ತಿ ಇದು, ನಿಮ್ಮ ಕರ್ನಲ್‌ನದು ಅದು, ಎರಡೂ ಹೊಂದುವುದಿಲ್ಲ ಎಂದು ತಿರಸ್ಕರಿಸುತ್ತಿತ್ತು. ಆವೃತ್ತಿಯ ಹೆಸರು ಒಂದು ಚಿಕ್ಕ ಹೆಡರ್ ಕಡತದಲ್ಲಿ ಒಂದೇ ಸಾಲಿನಲ್ಲಿ ಇರುತ್ತಿದ್ದುದರಿಂದ ಆ ಸಾಲನ್ನು ಕೈಯಾರೆ ತಿದ್ದಿ ಸ್ಕ್ರಿಪ್ಟನ್ನು ಒಪ್ಪಿಸುವವರು ಇದ್ದರು. ಹೆಸರನ್ನು ತಿದ್ದಿದ ಮಾತ್ರಕ್ಕೆ ಒಡಲು ಬದಲಾಗುವುದಿಲ್ಲ. ಮಾಡ್ಯೂಲನ್ನು ಬಲವಂತವಾಗಿ ತುರುಕುವ ಆಯ್ಕೆಯೂ, ಮಾಡ್ಯೂಲ್‌ಗಳನ್ನು ಒಳಗೆ ಸೇರಿಸುವ ‘ಮಾಡ್‌ಪ್ರೋಬ್’ ಆಜ್ಞೆಯಲ್ಲಿ ಇದೆ. ಹಾಗೆ ತುರುಕಿದರೆ ಕರ್ನಲ್ ತನ್ನ ಮೇಲೆ ‘ಎಫ್’ ಎಂಬ ಕಳಂಕದ ಗುರುತನ್ನು ಹಚ್ಚಿಕೊಳ್ಳುತ್ತದೆ. ಬೇರೆಯವರ ದತ್ತಾಂಶ ಇರುವ ಗಣಕದಲ್ಲಂತೂ ಇದನ್ನು ಮಾಡಲೇಬಾರದು.

ನನ್ನ ಮುಂದೆ ಎರಡು ನೇರ ದಾರಿಗಳಿದ್ದವು. ಒಂದು, 21ರ ಹೆಡರ್‌ಗಳನ್ನೇ ಹೆಸರು ಹಿಡಿದು ತರುವುದು. ಇನ್ನೊಂದು, ಗಣಕವನ್ನು ರೀಬೂಟ್ ಮಾಡಿ 22ಕ್ಕೆ ಹೋಗುವುದು. ಒಂದು ದೊಡ್ಡ ಡಿಸ್ಕಿನ ನಕಲು ನಡೆಯುತ್ತಿದ್ದುದರಿಂದ ಮೊದಲ ದಾರಿಯನ್ನು ಹಿಡಿದೆ. ಆ ಹೆಸರಿನ ಪ್ಯಾಕೇಜ್ ಸಿಗಲಿಲ್ಲ ಎಂದು, ಪ್ಯಾಕೇಜ್‌ಗಳನ್ನು ತರುವ ‘ಆಪ್ಟ್’ ಹೇಳಿತು. ಹೊಸ ಕರ್ನಲ್ ಬಂದ ಮೇಲೆ ಹಳೆಯದರ ಹೆಡರ್‌ಗಳು ಭಂಡಾರದಿಂದ ಕ್ರಮೇಣ ಮರೆಯಾಗುತ್ತವೆ. ಡೆಬಿಯನ್‌ನ ಹಳೆಯ ಪ್ಯಾಕೇಜ್‌ಗಳನ್ನೆಲ್ಲ ದಿನಾಂಕದ ಸಮೇತ ಕಾಪಿಟ್ಟ ಸ್ನ್ಯಾಪ್‌ಶಾಟ್ ಸಂಗ್ರಹ ಇದೆ, ಅಲ್ಲಿಂದ ಹೆಕ್ಕಿ ತರಬಹುದು. ಆದರೆ ಭದ್ರತೆಯ ಕಾರಣಕ್ಕೆ ಬದಲಿಸಲಾದ ಹಳೆಯ ಕರ್ನಲ್‌ಗೆ ಹೊಸದಾಗಿ ಮಾಡ್ಯೂಲ್ ಕಟ್ಟುವುದರಲ್ಲಿ ಅರ್ಥ ಕಾಣಲಿಲ್ಲ. ನಕಲು ಮುಗಿಯುವವರೆಗೆ ಕಾದು ರೀಬೂಟ್ ಮಾಡಿದೆ.

ಈ ಸಲ ಯುನೇಮ್ 22 ಎಂದಿತು. ವಿಬಾಕ್ಸ್‌ಕಾನ್ಫಿಗ್ ಮಾಡ್ಯೂಲ್‌ಗಳನ್ನು ಕಟ್ಟುತ್ತಿದ್ದೇನೆ ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟುವ ಕೆಲಸವನ್ನು ದೋಷವಿಲ್ಲದೆ ಮುಗಿಸಿತು. ಕಂಪೈಲ್ ಆಯಿತು, ವರ್‌ಮ್ಯಾಜಿಕ್ ಅಕ್ಷರಶಃ ಹೊಂದಿತು. ಆದರೂ ಮಾಡ್ಯೂಲ್ ಒಳಗೆ ಹೋಗಲಿಲ್ಲ.

ಹೆಡರ್‌ಗಳ ಹಂತ ದಾಟಿದವರಿಗೆ ಎದುರಾಗುವ ಮುಂದಿನ ಬಾಗಿಲು ಇದು: ಸೆಕ್ಯೂರ್ ಬೂಟ್. ಗಣಕವನ್ನು ಎಬ್ಬಿಸುವ ಯುಇಎಫ್‌ಐ ವ್ಯವಸ್ಥೆಯಲ್ಲಿ ಅದು ಚಾಲೂ ಇದ್ದರೆ, ನಂಬಿಕೆಯ ಕೀಲಿಯಿಂದ ಸಹಿ ಮಾಡಿರದ ಮಾಡ್ಯೂಲನ್ನು ಕರ್ನಲ್ ಒಪ್ಪುವುದಿಲ್ಲ. ನಮ್ಮದೇ ಗಣಕದಲ್ಲಿ ಆಗಷ್ಟೇ ಹುಟ್ಟಿದ ಮಾಡ್ಯೂಲಿಗೆ ಸಹಿ ಎಲ್ಲಿಂದ ಬರಬೇಕು? ಸೆಕ್ಯೂರ್ ಬೂಟನ್ನು ನಿಲ್ಲಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮದೇ ಕೀಲಿಯನ್ನು ತಯಾರಿಸಿ ಗಣಕಕ್ಕೆ ಪರಿಚಯಿಸುವ ವ್ಯವಸ್ಥೆ ಇದೆ, ಅದನ್ನು ಎಂಒಕೆ ಎನ್ನುತ್ತಾರೆ; ಗಣಕದ ಒಡೆಯನ ಕೀಲಿ. ವಿಬಾಕ್ಸ್‌ಕಾನ್ಫಿಗ್‌ನ ಸಂದೇಶದಲ್ಲಿಯೇ ಅದಕ್ಕೆ ಬೇಕಾದ ಆಜ್ಞೆಗಳು ಇದ್ದವು. ‘ಓಪನ್‌ಎಸ್‌ಎಸ್‌ಎಲ್’ನಿಂದ ಒಂದು ಜೋಡಿ ಕೀಲಿ ತಯಾರಿಸಿ ‘/ವಾರ್/ಲಿಬ್/ಶಿಮ್-ಸೈನ್ಡ್/ಎಂಒಕೆ’ ಕೋಶದಲ್ಲಿ ಇಟ್ಟೆ. ‘ಎಂಒಕೆಯುಟಿಲ್’ನಿಂದ ಸಾರ್ವಜನಿಕ ಕೀಲಿಯನ್ನು ನೋಂದಣಿಗೆ ಸಲ್ಲಿಸಿದೆ. ಆಗ ಅದು ಒಂದು ಗುಪ್ತಪದವನ್ನು ಕೇಳುತ್ತದೆ. ಅದನ್ನು ಒಮ್ಮೆ ಮಾತ್ರ, ಮುಂದಿನ ಬೂಟ್‌ನಲ್ಲಿ ಕೊಡಬೇಕು.

ಆ ಮುಂದಿನ ಬೂಟ್‌ನಲ್ಲಿ ನೀಲಿ ಹಿನ್ನೆಲೆಯ ಒಂದು ಪರದೆ ಬರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಯಾವುದಾದರೂ ಗುಂಡಿ ಒತ್ತದಿದ್ದರೆ ಅದು ಸರಿದುಹೋಗಿ ಮಾಮೂಲಿನಂತೆ ಬೂಟ್ ಮುಂದುವರಿಯುತ್ತದೆ, ನೋಂದಣಿ ಆಗುವುದಿಲ್ಲ. ಹಾಗಾಗಿ ಪರದೆಯ ಮುಂದೆಯೇ ಕುಳಿತಿರಬೇಕು. ‘ಎನ್‌ರೋಲ್ ಎಂಒಕೆ’ ಆರಿಸಿ, ಮುಂದುವರಿಸಿ, ಹೌದು ಎಂದು, ಗುಪ್ತಪದ ಕೊಟ್ಟೆ. ಅಲ್ಲಿ ಕೀಲಿಮಣೆ ಅಮೆರಿಕನ್ ವಿನ್ಯಾಸದಲ್ಲಿ ಇರುತ್ತದೆ; ಬೇರೆ ವಿನ್ಯಾಸ ಬಳಸುವವರು ಸರಳವಾದ ಅಕ್ಷರ, ಅಂಕಿಗಳ ಗುಪ್ತಪದ ಇಟ್ಟುಕೊಳ್ಳುವುದು ಒಳ್ಳೆಯದು. ಗಣಕ ಮತ್ತೆ ಎದ್ದಿತು. ವಿಬಾಕ್ಸ್‌ಕಾನ್ಫಿಗ್ ಈಗ ಮಾಡ್ಯೂಲ್‌ಗಳನ್ನು ಕಟ್ಟಿ, ಸಹಿ ಹಾಕಿ, ಒಳಗೆ ಕಳುಹಿಸಿತು. ಕರ್ನಲ್‌ನ ಮೂಲ ಮರದಿಂದ ಹೊರಗಿನ ಮಾಡ್ಯೂಲ್ ಬಂದಿದೆ ಎಂಬ ಒಂದು ಸಾಲು ಡಿಮೆಸೇಜ್‌ನಲ್ಲಿ ಕಂಡಿತು. ಅದು ದೂರಲ್ಲ, ದಾಖಲೆ. ವರ್ಚುವಲ್ ಯಂತ್ರದ ಕಪ್ಪು ಪರದೆಯ ಮೇಲೆ ವಿಂಡೋಸ್ ಸ್ಥಾಪನೆಯ ಮೊದಲ ಚಿತ್ರ ಮೂಡಿದಾಗ ನಿಜಕ್ಕೂ ಸಂತೋಷವಾಯಿತು.

ಆ ಬಳಿಕ ಇದೇ ಕೆಲಸವನ್ನು ಬೇರೆ ಗಣಕಗಳಲ್ಲಿಯೂ ಮಾಡಿದೆ. ಹೆಡರ್ ಹೊಂದಿದರೆ ಸಾಕು ಎಂಬ ನನ್ನ ತಿಳಿವಳಿಕೆಯನ್ನು ವಿಸ್ತರಿಸಿದ್ದು ಉಬುಂಟು 22.04 ಇದ್ದ ಒಂದು ಗಣಕ. ಹೆಡರ್‌ಗಳು ಕರಾರುವಾಕ್ಕಾಗಿ ಹೊಂದುತ್ತಿದ್ದವು, ‘ಬಿಲ್ಡ್’ ಕೊಂಡಿ ಸರಿಯಾಗಿತ್ತು, ಆದರೂ ಕಂಪೈಲ್ ಮೊದಲ ಹೆಜ್ಜೆಯಲ್ಲೇ ನಿಂತಿತು. ಪರದೆಯ ಮೇಲೆ ಬಂದದ್ದು ವಿಫಲವಾಯಿತು ಎಂಬಷ್ಟೇ ಮಾತು. ‘/ವಾರ್/ಲಾಗ್’ ಕೆಳಗಿನ ‘ವಿಬಾಕ್ಸ್-ಸೆಟಪ್’ ಲಾಗ್ ತೆರೆದಾಗ ನಿಜ ಸಂಗತಿ ಕಂಡಿತು: ಇಂಥ ಆಯ್ಕೆ ನನಗೆ ಗೊತ್ತಿಲ್ಲ ಎಂದು ಜಿಸಿಸಿ ಎಂಬ ಕಂಪೈಲರ್ ಹೇಳುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು 6.5 ಕರ್ನಲ್, ಅದನ್ನು ಕಟ್ಟಿದ್ದು ಜಿಸಿಸಿ 12ರಿಂದ. ಆ ವಿತರಣೆಯ ರೂಢಿಯ ಕಂಪೈಲರ್ ಜಿಸಿಸಿ 11. ಕರ್ನಲ್‌ನ ಸಂರಚನೆ ಕೇಳುತ್ತಿದ್ದ ಒಂದು ಆಯ್ಕೆ 11ರಲ್ಲಿ ಇರಲೇ ಇಲ್ಲ. ಜಿಸಿಸಿ 12 ಹಾಕಿದ ಮೇಲೆ ಎಲ್ಲವೂ ಸರಿಯಾಯಿತು. ಕರ್ನಲ್ ಯಾವ ಕಂಪೈಲರ್‌ನಿಂದ ಹುಟ್ಟಿದೆ ಎಂಬುದು ‘/ಪ್ರಾಕ್/ವರ್ಷನ್’ ಕಡತದಲ್ಲಿ ಇರುತ್ತದೆ. ಹೆಡರ್ ನೋಡುವಾಗಲೇ ಅದನ್ನೂ ನೋಡುವುದನ್ನು ಅಲ್ಲಿಂದ ರೂಢಿ ಮಾಡಿಕೊಂಡೆ.

ಫೆಡೋರಾ ಎಂಬ ಇನ್ನೊಂದು ವಿತರಣೆ ಬಳಸುವ ಗೆಳೆಯರೊಬ್ಬರು ದೂರವಾಣಿಯಲ್ಲಿ, “ಕರ್ನಲ್-ಹೆಡರ್ಸ್ ಹಾಕಿದ್ದೇನೆ, ಆವೃತ್ತಿಯೂ ಹತ್ತಿರ ಹತ್ತಿರ ಇದೆ, ಆದರೂ ಹೆಡರ್ ಇಲ್ಲ ಎನ್ನುತ್ತಿದೆಯಲ್ಲ” ಎಂದು ಕೇಳಿದರು.

“ಅದು ಬೇರೆಯದು. ನೀವು ಕರ್ನಲ್-ಡೆವೆಲ್ ಹಾಕಿ, ಯುನೇಮ್ ತೋರಿಸುವ ಹೆಸರನ್ನೇ ಅದಕ್ಕೆ ಸೇರಿಸಿ” ಎಂದೆ.

ಇಲ್ಲಿ ಹೆಸರುಗಳು ಜನರನ್ನು ಅನ್ಯಾಯವಾಗಿ ದಾರಿ ತಪ್ಪಿಸುತ್ತವೆ. ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ‘ಕರ್ನಲ್-ಹೆಡರ್ಸ್’ ಎಂಬುದು ಅಪ್ಲಿಕೇಶನ್‌ಗಳನ್ನು ಕಂಪೈಲ್ ಮಾಡುವವರಿಗಾಗಿ ಇರುವಂಥದ್ದು, ಸಿ ಲೈಬ್ರರಿಗೆ ಬೇಕಾದದ್ದು. ಡೆಬಿಯನ್‌ನಲ್ಲಿ ಅದೇ ವಸ್ತುವಿನ ಹೆಸರು ‘ಲಿನಕ್ಸ್-ಲಿಬ್‌ಸಿ-ಡೆವ್’. ಮಾಡ್ಯೂಲ್ ಕಟ್ಟಲು ಅದು ಉಪಯೋಗಕ್ಕಿಲ್ಲ. ಮಾಡ್ಯೂಲಿಗೆ ಬೇಕಾದದ್ದನ್ನು ಡೆಬಿಯನ್ ಬಳಗ ‘ಲಿನಕ್ಸ್-ಹೆಡರ್ಸ್’ ಎನ್ನುತ್ತದೆ, ಫೆಡೋರಾ ‘ಕರ್ನಲ್-ಡೆವೆಲ್’ ಎನ್ನುತ್ತದೆ. ಆರ್ಚ್‌ನಲ್ಲಿ ಹೆಸರು ‘ಲಿನಕ್ಸ್-ಹೆಡರ್ಸ್’ ಎಂದೇ ಇದ್ದರೂ, ದೀರ್ಘಾವಧಿ ಬೆಂಬಲದ ಕರ್ನಲ್ ಬಳಸುವವರಿಗೆ ‘ಲಿನಕ್ಸ್-ಎಲ್‌ಟಿಎಸ್-ಹೆಡರ್ಸ್’ ಬೇಕು. ಆರ್ಚ್‌ನಲ್ಲಿ ಇನ್ನೊಂದು ವಿಶೇಷ: ನವೀಕರಣ ಆದ ಕೂಡಲೇ ಹಳೆಯ ಕರ್ನಲ್‌ನ ಮಾಡ್ಯೂಲ್ ಕೋಶವೇ ಡಿಸ್ಕಿನಿಂದ ಹೋಗಿಬಿಡುತ್ತದೆ, ರೀಬೂಟ್ ಬಿಟ್ಟು ಬೇರೆ ದಾರಿ ಇಲ್ಲ.

ಎಲ್ಲವೂ ಹೊಂದಿದರೂ ಆಗದ ಒಂದು ಸಂದರ್ಭವಿದೆ, ಅದನ್ನು ಹೆಡರ್‌ನ ದೋಷವೆಂದು ತಿಳಿದು ಪ್ಯಾಕೇಜ್‌ಗಳನ್ನು ತೆಗೆದು ಹಾಕಿ ಮಾಡುತ್ತಾ ಬಳಲುವವರನ್ನು ನೋಡಿದ್ದೇನೆ. ಕರ್ನಲ್ ತೀರ ಹೊಸದಾಗಿದ್ದು ವರ್ಚುವಲೈಸೇಶನ್ ತಂತ್ರಾಂಶ ಹಳೆಯದಾಗಿದ್ದರೆ, ಮಾಡ್ಯೂಲಿನ ಮೂಲ ಸಂಕೇತಕ್ಕೆ ಹೊಸ ಕರ್ನಲ್‌ನ ರೀತಿ ಗೊತ್ತಿರುವುದಿಲ್ಲ. ಕರ್ನಲ್ 6.4ರಲ್ಲಿ ‘ಕ್ಲಾಸ್_ಕ್ರಿಯೇಟ್’ ಎಂಬ ಫಂಕ್ಷನ್ ಎರಡು ಆರ್ಗ್ಯುಮೆಂಟ್‌ಗಳಿಂದ ಒಂದಕ್ಕೆ ಇಳಿಯಿತು. ಅಷ್ಟಕ್ಕೇ ಹೊರಗಿನ ಎಷ್ಟೋ ಮಾಡ್ಯೂಲ್‌ಗಳು ಕಂಪೈಲ್ ಆಗುವುದು ನಿಂತಿತು. 6.8ರಲ್ಲಿ ‘ಎಸ್‌ಟಿಆರ್‌ಎಲ್‌ಸಿಪಿವೈ’ ಎಂಬ ಫಂಕ್ಷನ್ನೇ ಹೋಯಿತು. ಲಾಗ್‌ನಲ್ಲಿ ಕಡತ ಸಿಗಲಿಲ್ಲ ಎಂದಿದ್ದರೆ ಹೆಡರ್‌ಗಳನ್ನು ನೋಡಬೇಕು. ಫಂಕ್ಷನ್‌ಗೆ ಆರ್ಗ್ಯುಮೆಂಟ್ ಹೆಚ್ಚಾಯಿತು, ಇಂಥ ಹೆಸರು ಗೊತ್ತಿಲ್ಲ ಎಂದಿದ್ದರೆ ತಂತ್ರಾಂಶದ ಹೊಸ ಆವೃತ್ತಿ ಬೇಕು. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ.

ನನ್ನ ಗಣಕದಲ್ಲಿ ಆ ಮೆಟಾಪ್ಯಾಕೇಜನ್ನು ಹಾಗೆಯೇ ಉಳಿಸಿಕೊಂಡೆ. ಕೆಲವರು ನಿರ್ದಿಷ್ಟ ಸಂಖ್ಯೆಯ ಹೆಡರ್‌ಗಳನ್ನು ಮಾತ್ರ ಹಾಕಿಕೊಳ್ಳುತ್ತಾರೆ. ಅಂದಿನ ಕೆಲಸ ಆಗುತ್ತದೆ, ಮುಂದಿನ ಕರ್ನಲ್ ಬಂದ ದಿನ ಮತ್ತೆ ಅದೇ -1908. ಮೆಟಾಪ್ಯಾಕೇಜ್ ಇದ್ದರೆ ಕರ್ನಲ್ ಜೊತೆಗೇ ಹೆಡರ್‌ಗಳೂ ಬರುತ್ತವೆ. ಅದರ ಮೇಲೆ ಡಿಕೆಎಂಎಸ್ ಎಂಬ ವ್ಯವಸ್ಥೆಯನ್ನು ಬಳಸುವ ಪ್ಯಾಕೇಜ್‌ಗಳೂ ಇವೆ. ಡೆಲ್ ಸಂಸ್ಥೆಯಲ್ಲಿ 2003ರ ಹೊತ್ತಿಗೆ ಹುಟ್ಟಿದ್ದು ಅದು. ಹೊಸ ಕರ್ನಲ್ ಬಂದಾಗ ನೋಂದಾಯಿತ ಮಾಡ್ಯೂಲ್‌ಗಳನ್ನೆಲ್ಲ ತಾನೇ ಮರುಕಟ್ಟುತ್ತದೆ. ಆದರೆ ಹೆಡರ್ ಇಲ್ಲದಿದ್ದರೆ ಅದೂ ಕೈಚೆಲ್ಲುತ್ತದೆ. ನವೀಕರಣದ ಉದ್ದನೆಯ ಸಾಲುಗಳ ನಡುವೆ ಹೆಡರ್ ಸಿಗಲಿಲ್ಲ ಎಂಬ ಒಂದು ಸಾಲು ಹಾದುಹೋಗುತ್ತದೆ, ಗಮನಕ್ಕೆ ಬರುವುದಿಲ್ಲ. ರೀಬೂಟ್‌ಗೆ ಮೊದಲೇ ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ಹೊಸ ಕರ್ನಲ್‌ನ ಹೆಸರಿನ ಮುಂದೆ ಸ್ಥಾಪಿತ ಎಂದಿದೆಯೇ ನೋಡುವುದು ಕ್ಷೇಮ. ಹಳೆಯ ಕರ್ನಲ್ ಒಂದನ್ನು ಹೆಡರ್ ಸಮೇತ ಉಳಿಸಿಕೊಂಡಿದ್ದರೆ, ಹೊಸದರಲ್ಲಿ ಏನಾದರೂ ತೊಡಕಾದಾಗ ಬೂಟ್ ಮೆನುವಿನಿಂದ ಹಿಂದಕ್ಕೆ ಹೋಗಬಹುದು.

ಇಷ್ಟೆಲ್ಲ ಏಕೆ, ಲಿನಕ್ಸ್‌ನದೇ ವರ್ಚುವಲೈಸೇಶನ್ ವ್ಯವಸ್ಥೆಯಾದ ಕೆವಿಎಂ ಬಳಸಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆವಿಎಂ 2007ರಲ್ಲಿ, 2.6.20ರಿಂದ ಕರ್ನಲ್‌ನ ಭಾಗವೇ ಆಗಿದೆ. ಅದರ ಮಾಡ್ಯೂಲ್ ಕರ್ನಲ್ ಜೊತೆಗೇ ಕಟ್ಟಿ ಸಹಿ ಹಾಕಿ ಬರುವುದರಿಂದ ಹೆಡರ್, ಕಂಪೈಲರ್, ಕೀಲಿ ಯಾವುದರ ಗೊಡವೆಯೂ ಇಲ್ಲ. ಲಿನಕ್ಸ್ ಅತಿಥಿಗಳನ್ನು ಓಡಿಸಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ನನಗೆ ಬೇಕಾಗಿದ್ದ ವರ್ಚುವಲ್ ಯಂತ್ರವನ್ನು ವಿಂಡೋಸ್ ಗಣಕ ಇರುವ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕಾಗಿತ್ತು, ಎರಡೂ ಕಡೆ ಒಂದೇ ರೀತಿ ತೆರೆಯಬೇಕಾಗಿತ್ತು. ಹಾಗಾಗಿ ಈ ಗಣಕದಲ್ಲಿ ವರ್ಚುವಲ್‌ಬಾಕ್ಸ್ ಉಳಿದಿದೆ. ಎರಡನ್ನೂ ಇಟ್ಟುಕೊಳ್ಳುವವರಿಗೆ ಕರ್ನಲ್ 6.12ರಿಂದ ಒಂದು ಬದಲಾವಣೆ ತಿಳಿದಿರಬೇಕು: ಕೆವಿಎಂ ಮಾಡ್ಯೂಲ್ ಈಗ ಬೂಟ್ ಆದ ಕೂಡಲೇ ಪ್ರೊಸೆಸರ್‌ನ ವಿಟಿ-ಎಕ್ಸ್ ಸೌಲಭ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಆಗ ವರ್ಚುವಲ್‌ಬಾಕ್ಸ್‌ನ ಮಾಡ್ಯೂಲ್ ಸರಿಯಾಗಿ ಒಳಗಿದ್ದರೂ ಯಂತ್ರ ಏಳದೆ, ವಿಟಿ-ಎಕ್ಸ್ ಬೇರೆಯವರ ಕೈಯಲ್ಲಿದೆ ಎನ್ನಬಹುದು. ಅಲ್ಲಿ ಹೆಡರ್‌ಗಳನ್ನು ಮುಟ್ಟುವ ಅಗತ್ಯವಿಲ್ಲ. ಕೆವಿಎಂ ಮಾಡ್ಯೂಲನ್ನು ಇಳಿಸಬೇಕು, ಇಲ್ಲವೇ ಅದರ ‘ಎನೇಬಲ್_ವರ್ಟ್_ಅಟ್_ಲೋಡ್’ ಎಂಬ ಆಯ್ಕೆಗೆ ಸೊನ್ನೆ ಕೊಟ್ಟು ಬೂಟ್ ಮಾಡಬೇಕು.